ಅನುದಾನ ಪರಿಶೀಲನೆ ನವೆಂಬರ್‌ನಲ್ಲೇ ಶುರುವಾಗಲಿ

ಮಾನ್ಯರೇ,

2017ರಿಂದ ಕೇಂದ್ರ ಬಜೆಟ್ ಫೆಬ್ರುವರಿ 1ರಂದೇ ಮಂಡನೆಯಾಗುತ್ತಿದ್ದರೂ ಸಚಿವಾಲಯಗಳ ಖರ್ಚನ್ನು ಪರಿಶೀಲಿಸುವ ಸಂಸತ್ತಿನ ಇಲಾಖಾ ಸ್ಥಾಯಿ ಸಮಿತಿಗಳ ಕೆಲಸದ ಕ್ರಮ ಅದಕ್ಕೆ ತಕ್ಕಂತೆ ಬದಲಾದಂತೆ ಕಾಣುವುದಿಲ್ಲ. ಮೊದಲೆಲ್ಲ ಲೇಖಾನುದಾನ (ಆರಂಭದ ಕೆಲವು ತಿಂಗಳ ಖರ್ಚಿಗೆ ತಾತ್ಕಾಲಿಕ ಒಪ್ಪಿಗೆ) ಪಡೆದು, ಪೂರ್ಣ ಬಜೆಟ್‌ಗೆ ಮೇ ವೇಳೆಗೆ ಒಪ್ಪಿಗೆ ನೀಡಲಾಗುತ್ತಿತ್ತು. ಈಗ, ಚುನಾವಣಾ ವರ್ಷದ ಮಾತು ಬೇರೆ, ಮಾರ್ಚ್ 31ರೊಳಗೆ ಎಲ್ಲ ಮುಗಿಯಬೇಕು. ಅಧಿವೇಶನದ ನಡುವಿನ ಮೂರ್ನಾಲ್ಕು ವಾರಗಳ ಬಿಡುವಿನಲ್ಲೇ ಅನುದಾನ ಬೇಡಿಕೆಗಳ, ಅಂದರೆ ಸಚಿವಾಲಯಗಳು ವರ್ಷದ ಖರ್ಚಿಗೆ ಕೇಳುವ ಹಣದ, ಪರಿಶೀಲನೆ, ವರದಿ ಎರಡೂ ಆಗಬೇಕು.

ಕಾರ್ಮಿಕ, ಜವಳಿ, ಕೌಶಲಾಭಿವೃದ್ಧಿ ಮೂರನ್ನೂ 31 ಸದಸ್ಯರ ಒಂದೇ ಸಮಿತಿ ನೋಡುತ್ತದೆ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಸಂಬಂಧಿಸಿದ ಕೇಂದ್ರ ರೇಷ್ಮೆ ಮಂಡಳಿಯ ಹಣ ಜವಳಿ ಬೇಡಿಕೆಯೊಳಗಿನ ಒಂದು ಸಾಲು ಮಾತ್ರ. ಲೋಕಸಭೆಯಲ್ಲಿ ಚರ್ಚೆಗೆ ಬರುವುದು ಬೆರಳೆಣಿಕೆಯ ಸಚಿವಾಲಯಗಳ ಬೇಡಿಕೆ. ಉಳಿದವನ್ನು ಕೊನೆಯ ದಿನ ಒಟ್ಟಾಗಿ ಮತಕ್ಕೆ ಹಾಕಿಬಿಡುತ್ತಾರೆ. ಆ ಒಂದು ಸಾಲನ್ನು ಯಾರಾದರೂ ಓದುವುದಿದ್ದರೆ ಅದು ಸಮಿತಿಯೇ.

ಆದ್ದರಿಂದ ಪ್ರತಿ ಸಮಿತಿಯೂ ನವೆಂಬರ್‌ನಲ್ಲೇ ಉಪಸಮಿತಿ ರಚಿಸಿ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವೆಚ್ಚ, ಬಳಕೆಯಾಗದೆ ಉಳಿದ ಹಣ, ಹಿಂದಿನ ಶಿಫಾರಸುಗಳ ಗತಿ ಇವಿಷ್ಟನ್ನು ನೋಡಿ ಮುಗಿಸಲಿ. ಫೆಬ್ರುವರಿಗೆ ಹೊಸ ಅಂಕಿಗಳಷ್ಟೇ ಉಳಿಯುತ್ತವೆ.

– ಓದುಗ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ