ಲಾಂಚಿನ ವೇಳೆಯಿಂದ ಸೇತುವೆಯ ವೇಳೆಗೆ: ಸಾಮಾನು ಸಾಗಣೆಯ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಸಾಗರ
ಆಗಸ್ಟ್ 2025

ಗೌರವಾನ್ವಿತ ಗ್ರಾಹಕ ಬಂಧುಗಳೇ,

ಸಾಗರದ ಅಂಗಡಿಗಳಿಂದ ಶರಾವತಿ ಹಿನ್ನೀರಿನ ಆಚೆಯ ಕಳಸವಳ್ಳಿ, ಸಿಗಂದೂರು, ತುಮರಿ ಹಾಗೂ ಸುತ್ತಲಿನ ಊರುಗಳಿಗೆ ದಿನಸಿ, ಹಿಂಡಿ, ಗೊಬ್ಬರ ಮತ್ತು ಔಷಧಿಗಳನ್ನು ತಲುಪಿಸುತ್ತ ಬಂದಿರುವ ನಮ್ಮ ಸಣ್ಣ ಸಾಗಣೆ ಸಂಸ್ಥೆಯು ಬರುವ ಸೆಪ್ಟೆಂಬರ್ 1ರಿಂದ ತನ್ನ ವೇಳೆಯನ್ನೂ ದರವನ್ನೂ ಬದಲಾಯಿಸುತ್ತಿದೆ. ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ದಿನದಿಂದ ತಮ್ಮಲ್ಲಿ ಅನೇಕರು ಈ ವಿಷಯವನ್ನು ಕೇಳುತ್ತಿದ್ದೀರಿ. ಗಾಡಿಯನ್ನು ಕೆಲವು ವಾರ ಸೇತುವೆಯ ಮೇಲೆ ಓಡಿಸಿ ನೋಡದೆ ದರ ನಿಗದಿ ಮಾಡುವುದು ಸರಿಯಲ್ಲವೆಂದು ಇಷ್ಟು ದಿನ ತಡೆದೆವು. ಉತ್ತರ ತಡವಾದುದಕ್ಕೆ ಕ್ಷಮೆ ಇರಲಿ.

ಇದುವರೆಗಿನ ನಮ್ಮ ನಿಯಮಗಳಲ್ಲಿ ಹೆಚ್ಚಿನವು ನಾವು ಮಾಡಿಕೊಂಡವಲ್ಲ, ಹಿನ್ನೀರಿನಲ್ಲಿ ಜನರನ್ನೂ ವಾಹನಗಳನ್ನೂ ದಾಟಿಸುತ್ತಿದ್ದ ಲಾಂಚ್ ಮಾಡಿಸಿದವು. ಹಿಂದಿನ ಸಂಜೆಯೊಳಗೆ ಬೇಕಾದ ಸಾಮಾನಿನ ಚೀಟಿ ಕೊಡಬೇಕೆಂದು ನಾವು ಹೇಳುತ್ತಿದ್ದುದು ಬೆಳಗಿನ ಲಾಂಚುಗಳಲ್ಲಿ ಗಾಡಿಗೆ ಜಾಗ ಸಿಕ್ಕದಿದ್ದರೆ ಇಡೀ ದಿನದ ಕೆಲಸ ಏರುಪೇರಾಗುತ್ತಿದ್ದುದರಿಂದ. ಶುಕ್ರವಾರ, ಮಂಗಳವಾರ, ಸಂಕ್ರಾಂತಿ ಜಾತ್ರೆ ಮತ್ತು ನವರಾತ್ರಿಯ ದಿನಗಳಲ್ಲಿ ಸಾಮಾನು ತಲುಪುವ ಹೊತ್ತಿನ ಭರವಸೆ ಕೊಡದಿದ್ದುದು, ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಹೊರಟ ಕಾರುಗಳ ಸಾಲು ಅಂಬಾರಗೋಡ್ಲಿನ ದಡದಲ್ಲಿ ಲಾಂಚ್ ಹತ್ತುವ ಜಾಗವಾದ ಹೊಳೆಬಾಗಿಲಿನಿಂದ ಹಿಂದಕ್ಕೆ ಬೆಳೆದು ನಿಲ್ಲುತ್ತಿದ್ದುದರಿಂದ. ನೀರಿನ ಮೇಲಿನ ದಾರಿ ಕಾಲು ಗಂಟೆಯ ಆಸುಪಾಸಿನದು, ಆದರೆ ಆ ಕಾಲು ಗಂಟೆಗಾಗಿ ದಡದಲ್ಲಿ ಎರಡು ಗಂಟೆ ನಿಂತ ದಿನಗಳೂ ಇದ್ದವು. ಸಂಜೆಯ ಕೊನೆಯ ಲಾಂಚ್ ಹೊರಟ ಮೇಲಂತೂ ಆಚೆ ದಡ ಕಣ್ಣೆದುರಿಗೇ ಇದ್ದರೂ ಅಲ್ಲಿಗೆ ಹೋಗಲು ಕಾರ್ಗಲ್, ಕೋಗಾರಿನ ಸುತ್ತು ರಸ್ತೆಯೊಂದೇ ಗತಿಯಾಗುತ್ತಿತ್ತು.

ಬೇಸಿಗೆಯ ಹೆಚ್ಚಿನ ದರದ ಬಗ್ಗೆ ತಮಗಿದ್ದ ಅಸಮಾಧಾನ ನಮಗೆ ಗೊತ್ತಿದೆ, ಅದಕ್ಕೆ ಕಾರಣವನ್ನು ಸರಿಯಾಗಿ ತಿಳಿಸದೆ ಹೋದದ್ದು ನಮ್ಮ ಲೋಪ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ಇಳಿದಂತೆ ದಡ ಹಿಂದಕ್ಕೆ ಸರಿಯುತ್ತದೆ, ಲಾಂಚ್ ನಿಲ್ಲುವ ಜಾಗವೂ ಅದರೊಂದಿಗೆ ಕೆಳಕ್ಕೆ ಇಳಿಯುತ್ತಿತ್ತು, ಮುಳುಗಡೆಯ ಕಾಲದ ಮರದ ಬೊಡ್ಡೆಗಳು ನೀರಿನಿಂದ ತಲೆ ಎತ್ತುತ್ತವೆ. ಅಣೆಕಟ್ಟು ಕಟ್ಟಿದ 1964ರಿಂದಲೂ ಹಿನ್ನೀರಿನ ಜನ ಬಲ್ಲ ಸಂಗತಿ ಇದು. ನೀರು ತೀರಾ ಕಡಿಮೆಯಾಗಿ ಹಿನ್ನೀರಿನಲ್ಲಿ ಮುಳುಗಿರುವ ಹಳೆಯ ಮಡೇನೂರು ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುವಂಥ ವರ್ಷಗಳಲ್ಲಿ ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸಿ ಜನರನ್ನಷ್ಟೇ ದಾಟಿಸುತ್ತಿದ್ದರು. 2023 ಮತ್ತು 2024ರಲ್ಲಿ ಮಳೆಗಾಲ ಬಲಿಯುವ ಮೊದಲು ನಾವೆಲ್ಲರೂ ಕಂಡದ್ದು ಇದನ್ನೇ. ಆಗ ನಮ್ಮ ಹುಡುಗರು ಅಂಬಾರಗೋಡ್ಲಿನಲ್ಲಿ ಗಾಡಿಯಿಂದ ಮೂಟೆಗಳನ್ನು ಇಳಿಸಿ, ಬಿರುಕು ಬಿಟ್ಟ ಕೆಸರಿನ ಇಳಿಜಾರಿನಲ್ಲಿ ಹೆಗಲ ಮೇಲೆ ಹೊತ್ತು ಲಾಂಚಿಗೆ ಹಾಕಿ, ಆಚೆ ದಡದಲ್ಲಿ ಮತ್ತೆ ಅಷ್ಟೇ ಏರು ಹತ್ತಿ ಬಾಡಿಗೆ ಜೀಪಿಗೆ ತುಂಬಬೇಕಾಗುತ್ತಿತ್ತು. ಐವತ್ತು ಕಿಲೋ ಹಿಂಡಿ ಚೀಲವೊಂದು ಹೀಗೆ ನಾಲ್ಕು ಸಲ ಕೈ ಬದಲಿಸಿ ತಮ್ಮ ಕೊಟ್ಟಿಗೆಗೆ ಬರುತ್ತಿತ್ತು. ಬೇಸಿಗೆಯಲ್ಲಿ ತಾವು ಹೆಚ್ಚಾಗಿ ಕೊಟ್ಟ ಹಣ ಈ ಕೂಲಿಗೂ ಎರಡನೆಯ ಗಾಡಿಯ ಬಾಡಿಗೆಗೂ ಹೋಗಿದೆ.

ಇನ್ನು ಮುಂದೆ ಬೇಸಿಗೆಯ ದರ ಎಂಬುದು ಇರುವುದಿಲ್ಲ. ಎಲ್ಲ ಕಾಲದಲ್ಲೂ ಮೂಟೆಯ ದರದೊಳಗೆ ಸೇರಿದ್ದ ಲಾಂಚಿನ ಟಿಕೆಟ್ ಮತ್ತು ಚಾಲಕ ಕಾಯುವ ಬಾಬ್ತಿನ 10 ರೂಪಾಯಿಯನ್ನೂ ತೆಗೆದುಹಾಕಿದ್ದೇವೆ. ಗಾಡಿ ದಿನಕ್ಕೆ ಎರಡು ಸಲ ಸಾಗರದಿಂದ ಹೊರಡುತ್ತದೆ: ಬೆಳಿಗ್ಗೆ 8ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ. ಬೆಳಗಿನ ಗಾಡಿಗೆ ಹಿಂದಿನ ರಾತ್ರಿಯವರೆಗೂ, ಮಧ್ಯಾಹ್ನದ ಗಾಡಿಗೆ ಅದೇ ದಿನ 1 ಗಂಟೆಯವರೆಗೂ ಫೋನಿನಲ್ಲಿ ತಿಳಿಸಿದರೆ ಸಾಕು. ಜಾತ್ರೆಯ ದಿನಗಳಿಗೂ ಇದೇ ವೇಳೆ ಅನ್ವಯಿಸುತ್ತದೆ.

ಮಧ್ಯಾಹ್ನದ ಗಾಡಿಯನ್ನು ಸೇರಿಸಲು ಮುಖ್ಯ ಕಾರಣ ಅಡಿಕೆ ತೋಟಗಳು. ಕಾಯಿ ಉದುರಿಸುವ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕೆಲಸ ಮಳೆ ಬಿಡುವು ಕೊಟ್ಟ ಹೊತ್ತಿಗೆ ಕಾದು ಕೂರುವಂಥದ್ದು. ಬೆಳಿಗ್ಗೆ ಮೋಡ ಸರಿದದ್ದನ್ನು ಕಂಡು ಮೈಲುತುತ್ತ, ಸುಣ್ಣ ಬೇಕೆಂದು ಫೋನ್ ಮಾಡುವವರಿಗೆ ನಾಳೆ ಎಂದು ಉತ್ತರಿಸಿದರೆ ಆ ಬಿಸಿಲು ನಾಳೆಗೆ ಉಳಿದಿರುವುದಿಲ್ಲ. ಕಳೆದ ವರ್ಷದ ಮಳೆಗಾಲದಲ್ಲಿ ಒಬ್ಬ ಗ್ರಾಹಕರ ಮೈಲುತುತ್ತವನ್ನು ಗಾಡಿಗೆ ತುಂಬುವುದರಲ್ಲಿ ನಾವು ತಡಮಾಡಿದೆವು. ಹೊಳೆಬಾಗಿಲಿಗೆ ಬರುವಷ್ಟರಲ್ಲಿ ಕೊನೆಯ ಲಾಂಚ್ ದಡ ಬಿಟ್ಟಿತ್ತು, ಅದರ ಹಿಂದಿನ ನೊರೆಯ ಗೆರೆ ಇನ್ನೂ ಮಾಸಿರಲಿಲ್ಲ. ಅವರ ಮನೆಯಲ್ಲಿ ಮರ ಹತ್ತುವ ಕೊನೆಗಾರರು ಬಂದು ಕಾಯುತ್ತಿದ್ದರು. ಮರುದಿನ ಬೆಳಗ್ಗೆ ನಾವು ಸಾಮಾನು ತಲುಪಿಸಿದಾಗ ಮತ್ತೆ ಮಳೆ ಹಿಡಿದಿತ್ತು. ಆ ನಷ್ಟಕ್ಕೆ ಲಾಂಚ್ ಕಾರಣವಲ್ಲ, ನಾವೇ ಹೊಣೆ. ಆ ಸಾಮಾನಿಗೆ ಅವರಿಂದ ಸಾಗಣೆಯ ಹಣ ಪಡೆಯಲಿಲ್ಲ, ಆದರೆ ಅಷ್ಟರಿಂದ, ಉದುರಿದ ಕಾಯಿ ಮರಕ್ಕೆ ಮರಳುವುದಿಲ್ಲವೆಂಬುದು ನಮಗೆ ತಿಳಿದಿದೆ.

ತಮಗೆ ಹಿಡಿಸದಿರಬಹುದಾದ ಒಂದು ಬದಲಾವಣೆಯೂ ಇದೆ. ಕನ್ನಡಕ, ಮಿಕ್ಸಿಯ ಜಾರು, ಹೊಲಿದ ರವಿಕೆ, ಶಾಲೆಯ ಪುಸ್ತಕ, ಬ್ಯಾಂಕಿನ ಕಾಗದ ಮುಂತಾದ ಸಣ್ಣ ಪೊಟ್ಟಣಗಳನ್ನು ನಾವು ಇದುವರೆಗೆ ಹಣ ಪಡೆಯದೆ ತಲುಪಿಸುತ್ತಿದ್ದೆವು. ನಿಜ ಹೇಳಬೇಕೆಂದರೆ ತಲುಪಿಸುತ್ತಿದ್ದವರು ನಾವಲ್ಲ, ಲಾಂಚಿನಲ್ಲಿ ದಾಟುತ್ತಿದ್ದ ಜನ. ಎಲ್ಲರೂ ವಾಹನದಿಂದ ಇಳಿದು ನಿಂತು, ಲಾಂಚಿನ ಒಂದೇ ಹಲಗೆಯ ಮೇಲೆ ಬಸ್ಸು, ಕಾರು, ಬೈಕುಗಳ ನಡುವೆ ಒಬ್ಬರ ಮುಖ ಒಬ್ಬರು ನೋಡುತ್ತ ಹೋಗುತ್ತಿದ್ದ ಆ ಕಾಲು ಗಂಟೆಯಲ್ಲಿ, ಯಾವ ಪೊಟ್ಟಣ ಯಾರ ಮನೆಯ ದಾರಿಯದು ಎಂದು ಹೇಳಬಲ್ಲವರು ಒಬ್ಬರಾದರೂ ಸಿಗುತ್ತಿದ್ದರು. ಹೆಸರು ಬರೆದು ಅವರ ಕೈಗೆ ಕೊಟ್ಟರೆ ಸಂಜೆಯೊಳಗೆ ಮನೆ ಸೇರುತ್ತಿತ್ತು. ನಮಗೆ ನೆನಪಿರುವ ಮಟ್ಟಿಗೆ ಹೀಗೆ ಕೊಟ್ಟ ಒಂದು ಪೊಟ್ಟಣವೂ ಕಳೆದುಹೋಗಿಲ್ಲ. ಈಗ ಬಸ್ಸೂ ಬೈಕೂ ಸೇತುವೆಯ ಮೇಲೆ ನಿಲ್ಲದೆ ದಾಟುತ್ತವೆ, ನಿಲ್ಲುವುದೂ ಸಲ್ಲದು. ಆದ್ದರಿಂದ ಪ್ರತಿ ಪೊಟ್ಟಣವನ್ನೂ ನಮ್ಮ ಗಾಡಿಯೇ ಮನೆಯವರೆಗೆ ಒಯ್ಯಬೇಕಾಗಿದ್ದು, ಒಂದಕ್ಕೆ 20 ರೂಪಾಯಿ ಪಡೆಯಲು ನಿರ್ಧರಿಸಿದ್ದೇವೆ. ವೈದ್ಯರ ಚೀಟಿಯ ಔಷಧಿಗೆ ಮಾತ್ರ, ಅದು ಎಷ್ಟೇ ದೂರದ ಮನೆಯದಾಗಿರಲಿ, ಹಣ ಪಡೆಯುವುದಿಲ್ಲ. ಈ ವಿಷಯದಲ್ಲಿ ನಮ್ಮೊಳಗೆ ಎರಡನೆಯ ಮಾತೇ ಬರಲಿಲ್ಲ.

ಹೊಳೆಬಾಗಿಲಿನಲ್ಲಿ ಹತ್ತಿಸಿ ಇಳಿಸುವ ಕೆಲಸದಲ್ಲಿದ್ದ ನಮ್ಮ ಇಬ್ಬರು ಹುಡುಗರ ಗತಿಯೇನೆಂದು ತಮ್ಮಲ್ಲಿ ಹಲವರು ವಿಚಾರಿಸಿದ್ದೀರಿ. ಇಬ್ಬರೂ ನಮ್ಮೊಂದಿಗೇ ಇರುತ್ತಾರೆ. ಒಬ್ಬರು ತುಮರಿಯಲ್ಲಿ ಪೊಟ್ಟಣಗಳನ್ನು ವಿಂಗಡಿಸುವ ಕೆಲಸ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಮಧ್ಯಾಹ್ನದ ಗಾಡಿಯಲ್ಲಿ ಬರುತ್ತಾರೆ. ಜೋರು ಮಳೆಗಾಳಿಯಲ್ಲೂ ಗಾಡಿಯ ಚಕ್ರಕ್ಕೆ ಕಲ್ಲು ಕೊಡಲು ನೆರವಾಗಿ, ಹಲಗೆಯ ಅಂಚಿಗೆ ಚಕ್ರ ಸರಿಯದಂತೆ ಕೈಸನ್ನೆ ಮಾಡಿ ನಮ್ಮ ಚಾಲಕರನ್ನು ಇಷ್ಟು ವರ್ಷ ಕ್ಷೇಮವಾಗಿ ದಾಟಿಸಿದ ಲಾಂಚಿನ ಸಿಬ್ಬಂದಿಗೆ ನಾವು ಸೇತುವೆ ತೆರೆದ ವಾರವೇ ಹೋಗಿ ಕೃತಜ್ಞತೆ ತಿಳಿಸಿ ಬಂದಿದ್ದೇವೆ.

ಕೊನೆಯದಾಗಿ, ಅಂಬಾರಗೋಡ್ಲಿನ ದಡದಲ್ಲಿ ನಾವು ಬಾಡಿಗೆಗೆ ಪಡೆದಿದ್ದ ತಗಡಿನ ಶೆಡ್ಡನ್ನು ಆಗಸ್ಟ್ 31ಕ್ಕೆ ಬಿಟ್ಟುಕೊಡುತ್ತಿದ್ದೇವೆ. ಲಾಂಚಿಗೆ ಓಡುವ ಗಡಿಬಿಡಿಯಲ್ಲಿ ಗ್ರಾಹಕರು ಬಿಟ್ಟುಹೋದ ಏಳು ಕೊಡೆ, ಮುಚ್ಚಳವಿಲ್ಲದ ಎರಡು ಹಾಲಿನ ಕ್ಯಾನು, ಒಂದು ಹೊಸ ಕತ್ತಿ ಮತ್ತು ಮಕ್ಕಳ ಒಂದು ಜೊತೆ ಕೆಂಪು ಚಪ್ಪಲಿ ಅಲ್ಲಿವೆ. ತಮ್ಮವಾಗಿದ್ದಲ್ಲಿ ದಯವಿಟ್ಟು ಅಷ್ಟರೊಳಗೆ ತಿಳಿಸಿ, ಮುಂದಿನ ಗಾಡಿಯಲ್ಲಿ ಹಣ ಪಡೆಯದೆ ಮನೆಗೆ ಕಳುಹಿಸಿಕೊಡುತ್ತೇವೆ.

ಇಂತು ತಮ್ಮ ವಿಶ್ವಾಸಿಗಳು,
ಸಾಗಣೆ ಸಂಸ್ಥೆಯ ಪಾಲುದಾರರು