ಭರತ ಏರಿದ ಹೊತ್ತು ಬರೆ

ಚಿಕ್ಕಮಗಳೂರು

ಪ್ರೀತಿಯ ತಂಗಿ,

ಗೋಕರ್ಣದಿಂದ ಕುಮಟಾದವರೆಗೆ ಗೆಳತಿಯ ಜೊತೆ ದಂಡೆ ಹಿಡಿದು ನಡೆದ ದಿನದ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ನಿನಗೆ ಕಣ್ಣಿದೆ, ಭಾಷೆಯೂ ಇದೆ. ಆದರೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಬೀಚುಗಳನ್ನು ದಾಟಿಕೊಂಡೇ ಹೋಗುತ್ತೀಯ. ಎಲ್ಲ ಕಡೆಯೂ ಸಮುದ್ರ ನೀಲಿ, ಮನಸ್ಸು ಹಗುರ. ಗೆಳತಿ ಎಲ್ಲೂ ಕಾಣುವುದಿಲ್ಲ. ಅವಳು ಬಾಯಿ ಬಿಟ್ಟಿದ್ದು ಒಂದೇ ಕಡೆ: ‘ಬಲಗಾಲು ಯಾಕೋ ಎಳೀತಿದೆ ಕಣೇ.’ ಇಡೀ ಬರಹದಲ್ಲಿ ನಾನು ಪೂರ್ತಿ ನಂಬಿದ ಸಾಲು ಅದು.

ಅದನ್ನು ಅಲ್ಲೇ ಬಿಟ್ಟು ನೀನು ಮುಂದೆ ನಡೆದೆ. ಕಾಲು ಯಾಕೆ ಎಳೆಯಿತು? ದಕ್ಷಿಣಕ್ಕೆ ನಡೆಯುವವರಿಗೆ ಸಮುದ್ರ ಬಲಕ್ಕೆ, ದಂಡೆ ಅತ್ತಲೇ ಇಳಿಜಾರು. ಬಲಗಾಲು ಪ್ರತಿ ಹೆಜ್ಜೆಗೂ ತಗ್ಗಿಗೆ ಬೀಳುತ್ತದೆ. ನೀರು ಕೆಳಗಿರುವಾಗ ಒದ್ದೆ ಮರಳು ಗಟ್ಟಿಯಾಗಿ, ಹೆಚ್ಚುಕಡಿಮೆ ಸಮತಟ್ಟಾಗಿ ಸಿಗುತ್ತದೆ. ಭರತ ಬಂದು ಸಮುದ್ರದ ನೀರು ಏರಿತೋ, ಆ ದಾರಿ ಮುಚ್ಚಿಹೋಗುತ್ತದೆ. ಮೇಲೆ ಪಾದ ಹೂಳುವ ಒಣ ಮರಳಿಗೆ, ಕಡಿದಾದ ಓರೆಗೆ ಹತ್ತಲೇಬೇಕು. ಆಗ ಅವಳು ನಿನಗಿಂತ ಹಿಂದೆ ಬಿದ್ದಳೇ? ನೀನು ಕಾದೆಯಾ? ನೀರಿನ ಅಂಚಿನಲ್ಲಿ ನಡೆಯುವ ಪಾಲು ಯಾರಿಗೆ ಬಂತು? ಗೆಳೆತನ ಇರುವುದು ಅಲ್ಲಿ ಕಣಮ್ಮ. ಆ ದಿನ ನಿಮ್ಮಿಬ್ಬರನ್ನು ನಡೆಸಿದ್ದು ಭರತ ಮತ್ತು ಇಳಿತ. ಅದು ಬರಹದೊಳಗೆ ಬಂದರೆ ಅವಳೂ ಬರುತ್ತಾಳೆ.

ಈ ಲೆಕ್ಕ ನಮಗೇನು ಹೊಸದಲ್ಲ. ನೀನು ಸಕಲೇಶಪುರದ ತೋಟದಲ್ಲಿ ಬೆಳೆದವಳು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ರಾತ್ರಿ ನಿಮ್ಮ ಮನೆಯಲ್ಲಿ ಯಾರೂ ‘ಮಳೆ ಸುಂದರವಾಗಿತ್ತು’ ಅನ್ನುವುದಿಲ್ಲ. ಎಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು) ಬಂತು, ಪಕ್ಕದ ತೋಟಕ್ಕೆ ಎಷ್ಟಾಯಿತು, ಹೂ ಕಾಯಿ ಕಚ್ಚಲು ಬೇಕಾದ ಮುಂದಿನ ಬ್ಯಾಕಿಂಗ್ ಮಳೆ ಹೊತ್ತಿಗೆ ಸರಿಯಾಗಿ ಸಿಕ್ಕೀತೇ ಎಂದು ಕೇಳುತ್ತಾರೆ. ಕಾಫಿ ಕಾಯಿ ಕಚ್ಚುವ ಆತಂಕವೆಲ್ಲ ಆ ಪ್ರಶ್ನೆಗಳಲ್ಲೇ ಇರುತ್ತದೆ. ಅದೇ ಕಿವಿಯನ್ನು ಸಮುದ್ರದ ಕಡೆ ತಿರುಗಿಸು. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ನೀವು ಹೋದದ್ದು ಅಮಾವಾಸ್ಯೆಯ ಮಾರನೇ ದಿನ ಎಂದು ಎಲ್ಲೋ ಒಂದು ಮೂಲೆಯಲ್ಲಿ ಹೇಳಿದ್ದೀಯ. ಅದನ್ನು ಮೊದಲಿಗೆ ತಾ.

ಇನ್ನು ತದಡಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ಊರು. ‘ದೋಣಿಯಲ್ಲಿ ಅಘನಾಶಿನಿ ದಾಟಿದೆವು’ ಎಂದು ಒಂದೇ ಸಾಲಿಗೆ ಮುಗಿಸಿದ್ದು ನನಗೆ ಬಹಳ ಬೇಸರ ತಂದಿತು. ನೀನು ಹೇಮಾವತಿ ದಂಡೆಯವಳು. ನಿನ್ನ ಹೊಳೆ ಒಂದೇ ದಿಕ್ಕಿಗೆ ಹರಿದು ಗೊರೂರಿನ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟಿಲ್ಲ, ಭರತ ಬಂದಾಗ ಸಮುದ್ರದ ನೀರು ಅಳಿವೆಯೊಳಗೆ ನುಗ್ಗಿ ಹೊಳೆ ಹಿಂದಕ್ಕೆ ಹರಿಯುತ್ತದೆ. ಆ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತವನ್ನು ಅಲ್ಲಿನ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಬೆಳೆಯುತ್ತಾರೆ. ಈ ಅಳಿವೆ ಈಗ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿದೆ. ‘ಹೊಳೆಯಲ್ಲಿ ಯಾರೂ ಇರಲಿಲ್ಲ, ಮೌನವಿತ್ತು’ ಎಂದು ಬರೆದಿದ್ದೀಯ. ನೀವು ದಾಟಿದ್ದು ಮಧ್ಯಾಹ್ನದ ಮುಂಚೆ, ನೀರು ತುಂಬಿದ ಹೊತ್ತಿನಲ್ಲಿ. ಸೊಂಟದ ನೀರಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುವವರು ಬರುವುದು ಇಳಿತಕ್ಕೆ. ಆ ಮೌನಕ್ಕೆ ಕಾರಣ ಇತ್ತು. ಕಾರಣ ತಿಳಿದು ಬರೆದರೆ ಅದೇ ಸಾಲಿಗೆ ತೂಕ ಬರುತ್ತದೆ.

ಹೊಳೆ ದಾಟಿದ ಮೇಲಿನ ಕಾಗಾಲ, ಕಡ್ಲೆ, ವನ್ನಳ್ಳಿಯ ದಾರಿ ಚುಟುಕಾಗಿಯೇ ಇರಲಿ. ಸಂಜೆಯ ಒದ್ದೆ ಮರಳಿನಲ್ಲಿ ಪುಟ್ಟ ಏಡಿಗಳು ಬಿಲದ ಸುತ್ತ ಹರಡಿದ್ದ ಮರಳುಗುಂಡುಗಳನ್ನು ಗೆಳತಿ ಕೂತು ನೋಡಿದ್ದನ್ನು ಮಾತ್ರ ಬಿಡಬೇಡ. ನೀರು ಹಿಂದೆ ಸರಿದ ಮೇಲಷ್ಟೇ ಆ ಏಡಿಗಳು ಹೊರಬಂದು ಮರಳಿನಿಂದ ಆಹಾರ ಸೋಸಿ, ಉಳಿದದ್ದನ್ನು ಉಂಡೆ ಮಾಡಿ ಬಿಡುತ್ತವೆ. ಗಡಿಯಾರ ಹೇಳದೆಯೇ ಓದುಗರಿಗೆ ಹೊತ್ತು ತಿಳಿಯುತ್ತದೆ. ಕಾಲು ನೋಯುವವಳು ಕೂತಳು ಎಂಬುದೂ ತಿಳಿಯುತ್ತದೆ.

ಈಗ ತದಡಿಯಿಂದಲೇ ಶುರು ಮಾಡಿ ಹೊಸದಾಗಿ ಬರೆ. ಅದಕ್ಕೆ ಮೊದಲು ಗೆಳತಿಗೆ ಫೋನ್ ಮಾಡಿ, ದೋಣಿಯನ್ನು ನೀರು ಯಾವ ಕಡೆ ಎಳೆಯುತ್ತಿತ್ತು, ನೀವಿಬ್ಬರೂ ಎಲ್ಲಿ ಜಗಳ ಆಡಿದಿರಿ ಎಂದು ಕೇಳು. ಅವಳ ನೆನಪು ನಿನ್ನದಕ್ಕೆ ಹೊಂದದಿದ್ದರೆ ಎರಡನ್ನೂ ಬರೆದು ನನಗೆ ಕಳಿಸು.

ನಿನ್ನ ಅಣ್ಣ