ಕೊಲರಾಡೋ ಸ್ಪ್ರಿಂಗ್ಸ್‌ಗೆ ಹೊರಟಿರೋ ಪುಟ್ಟನಿಗೆ

ಪ್ರೀತಿಯ ಪುಟ್ಟನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನೆ ಅಕ್ಕ ಫೋನಲ್ಲಿ ಹೇಳಿದ್ಲು, ನೀನು ಹ್ಯೂಸ್ಟನ್ ಬಿಟ್ಟು ಕೊಲರಾಡೋ ಸ್ಪ್ರಿಂಗ್ಸ್‌ಗೆ ಹೋಗ್ತಿದೀಯ ಅಂತ. ನಾನೂ ನಿನ್ನ ಚಿಕ್ಕಪ್ಪನೂ ಅಲ್ಲಿ ಹನ್ನೊಂದು ವರ್ಷ ಇದ್ದವರು, ಸುಮ್ಮನಿರಕ್ಕೆ ಆಗ್ಲಿಲ್ಲ ಕಣೋ, ಉದ್ದ ಆಯ್ತು ಅಂತ ಅರ್ಧಕ್ಕೆ ಬಿಡದೆ ಓದು.

ಆ ಊರು ಇರೋದೇ 6,035 ಅಡಿ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ ತುದಿ 6,330 ಅಡಿ, ಅಂದ್ರೆ ಹೆಚ್ಚುಕಮ್ಮಿ ಮುಳ್ಳಯ್ಯನಗಿರಿ ಮೇಲೆ ಮನೆ ಮಾಡಿದಂಗೆ, ನೀವೋ ಸಮುದ್ರದ ಪಕ್ಕದಿಂದ ಬರ್ತಿರೋರು. ಮೊದಲ ಒಂದೆರಡು ವಾರ ಮೆಟ್ಟಿಲು ಹತ್ತಿದ್ರೂ ಏದುಸಿರು ಬರತ್ತೆ, ತಲೆ ನೋಯತ್ತೆ, ಗಾಳಿ ಒಣ ಆದ್ದರಿಂದ ಮಗು ಮೂಗಲ್ಲಿ ಸ್ವಲ್ಪ ರಕ್ತ ಬಂದ್ರೂ ಬರಬಹುದು, ಗಾಬರಿ ಬೀಳಬೇಡಿ, ನೀರು ಕುಡೀತಾ ಇರಿ. ಹೋದ ಮೊದಲ ವೀಕೆಂಡೇ ಪೈಕ್ಸ್ ಪೀಕ್ ಬೆಟ್ಟಕ್ಕೆ ಮಾತ್ರ ಹೊರಡಬೇಡ. ಅದು 14,115 ಅಡಿ, ಕಾರು ತುದಿ ತನಕ ಹೋಗತ್ತೆ ನಿಜ, ಮೈ ಅಷ್ಟು ಬೇಗ ಒಗ್ಗಲ್ಲ. ಅಕ್ಕನಿಗೆ ಬಿಪಿ ಇದೆ, ಅವಳು ಬರೋ ಮುಂಚೆ ಡಾಕ್ಟರ್‌ನ ಒಂದು ಮಾತು ಕೇಳಲಿ. ಅಡುಗೆ ಮನೇಲೂ ಗೊತ್ತಾಗತ್ತೆ, ನೀರು ಸುಮಾರು 94 ಡಿಗ್ರಿಗೇ ಕುದಿಯೋದ್ರಿಂದ ಪಾತ್ರೇಲಿ ತೊಗರಿಬೇಳೆ ಬೇಗ ಬೇಯೋದೇ ಇಲ್ಲ, ಕುಕ್ಕರ್ ತಗೊಂಡ್ಹೋಗಿ, ಎರಡು ವಿಷಲ್ ಜಾಸ್ತಿ ಕೂಗಿಸಿ. ಚಳಿಗಾಲದಲ್ಲಿ ದೋಸೆ ಹಿಟ್ಟನ್ನ ಓವನ್ ಒಳಗೆ ಬರೀ ಲೈಟ್ ಹಾಕಿ ಇಡಿ, ಹುದುಗು ಬರತ್ತೆ.

ಈಗ ನಿನ್ನ ಹೆಂಡ್ತಿ ಸುಮಾಳ ಕೆಲಸದ ವಿಷ್ಯ. ಆ ಊರಿನ ಸುತ್ತ ಎಲ್ಲ ಮಿಲಿಟರಿನೇ, ದಕ್ಷಿಣಕ್ಕೆ ಫೋರ್ಟ್ ಕಾರ್ಸನ್, ಪೂರ್ವಕ್ಕೆ ಪೀಟರ್ಸನ್, ಶ್ರೀವರ್ ಸ್ಪೇಸ್ ಫೋರ್ಸ್ ಬೇಸ್‌ಗಳು, ಉತ್ತರಕ್ಕೆ ಏರ್ ಫೋರ್ಸ್ ಅಕಾಡೆಮಿ. ಸಾಫ್ಟ್‌ವೇರ್ ಕೆಲಸ ಬೇಕಾದಷ್ಟು ಕಾಣತ್ತೆ ಆದ್ರೆ ಅದರಲ್ಲಿ ಎಷ್ಟೋ ಕೆಲಸಕ್ಕೆ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು, ಅಂದ್ರೆ ಗುಪ್ತ ಮಾಹಿತಿ ನೋಡಕ್ಕೆ ಸರ್ಕಾರ ಕೊಡೋ ಅನುಮತಿ, ಅದು ಅಮೆರಿಕದ ಸಿಟಿಜನ್‌ಗಳಿಗೆ ಮಾತ್ರ. ಹೋದ ಮೇಲೆ ಹುಡುಕಿದ್ರಾಯ್ತು ಅಂದ್ಕೋಬೇಡಿ, ನಾನು ಹಾಗೇ ಅಂದ್ಕೊಂಡು ಎರಡು ವರ್ಷ ಮನೇಲಿ ಕೂತಿದ್ದೆ, ಆ ಸಂಕಟ ಅವಳಿಗೆ ಬೇಡ. ಈಗಿರೋ ಕೆಲಸಾನೇ ರಿಮೋಟ್ ಮಾಡಕ್ಕೆ ಬಿಡ್ತಾರಾ ಅಂತ ಹೊರಡೋಕ್ಕೆ ಮುಂಚೇನೇ ಕೇಳಲಿ. ಇನ್ನೊಂದು, ಗಾಂಜಾ ಅಂಗಡಿ ಅಲ್ಲಿ ಲೀಗಲ್, ಆದ್ರೆ ಇಡೀ ದೇಶದ ಫೆಡರಲ್ ಕಾನೂನಲ್ಲಿ ಇವತ್ತಿಗೂ ಅಪರಾಧ, ವೀಸಾ ಮೇಲಿರೋರು ಯಾರು ಕೊಟ್ರೂ ಮುಟ್ಟಬಾರದು, ಗ್ರೀನ್ ಕಾರ್ಡ್‌ಗೇ ಕುತ್ತು. ಮ್ಯಾಪ್ ನಂಬ್ಕೊಂಡು ಬೇಸ್ ಗೇಟ್ ತನಕ ಹೋಗ್ಬಿಟ್ರೆ ಹೆದರಬೇಡ, ದಾರಿ ತಪ್ಪಿತು ಅಂತ ಗಾರ್ಡ್‌ಗೆ ನಿಜ ಹೇಳು, ಯು-ಟರ್ನ್ ಮಾಡಿಸಿ ಕಳಿಸ್ತಾರೆ, ಫೋಟೋ ಗೀಟೋ ತೆಗೀಬೇಡ.

ಬಾಡಿಗೆ ಮನೆ ಬೇಸಿಗೇಲಿ ಹುಡುಕಬೇಡ, ಮಿಲಿಟರಿ ಟ್ರಾನ್ಸ್‌ಫರ್‌ಗಳು ಜಾಸ್ತಿ ಆಗೋದು ಆಗಲೇ. ಗರಾಜ್ ಇರೋ ಮನೇನೇ ತಗೋ, ಆಲಿಕಲ್ಲು ಮಳೆ ಅಂದ್ರೆ ಊರಲ್ಲಿ ಮಕ್ಕಳು ಆರಿಸ್ಕೊಂಡು ತಿಂತಿದ್ರಲ್ಲ ಅದಲ್ಲ, 2018ರ ಆಗಸ್ಟಲ್ಲಿ ಅಲ್ಲಿನ ಝೂನಲ್ಲಿ ಪ್ರಾಣಿಗಳೇ ಸತ್ತವು. ಬೇಸ್‌ಮೆಂಟ್ ಇದ್ರೆ ರೇಡಾನ್ ಟೆಸ್ಟ್ ಮಾಡಿಸು, ಅದು ನೆಲದಿಂದ ಬರೋ ಅನಿಲ, ಶ್ವಾಸಕೋಶಕ್ಕೆ ಕೆಟ್ಟದ್ದು, ವಾಸನೆ ಇರಲ್ಲ. ಪಶ್ಚಿಮಕ್ಕೆ ಬೆಟ್ಟದ ಬುಡದ ಮನೆಗಳು ನೋಡಕ್ಕೆ ತುಂಬ ಚೆಂದ, ಆದ್ರೆ 2012ರ ವಾಲ್ಡೋ ಕ್ಯಾನಿಯನ್ ಕಾಡ್ಗಿಚ್ಚಲ್ಲಿ ಸುಟ್ಟುಹೋಗಿದ್ದು 346 ಮನೆ. ಪಾಸ್‌ಪೋರ್ಟ್, ಮಗು ಬರ್ತ್ ಸರ್ಟಿಫಿಕೇಟ್ ಎಲ್ಲ ಒಂದೇ ಬ್ಯಾಗಲ್ಲಿ ಬಾಗಿಲ ಹತ್ರ ಇಟ್ಕೋ.

ದೇವಸ್ಥಾನಕ್ಕೆ ಕ್ಯಾಸಲ್ ರಾಕ್‌ನಲ್ಲಿ ವೆಂಕಟೇಶ್ವರ ಇದಾನೆ, ಡೆನ್ವರ್ ದಾರೀಲೇ. ಹಿಮ ಬೀಳೋ ದಿನ ಆ ದಾರೀಲಿರೋ ಮಾನ್ಯುಮೆಂಟ್ ಹಿಲ್ ದಾಟಕ್ಕೆ ಹೋಗಬೇಡ, ಪೂಜೆ ಮನೇಲೇ ಆಗಲಿ.

ನನಗೆ ಮುಖ್ಯವಾಗಿ ಹೇಳಬೇಕಿರೋದು ಅಕ್ಕಪಕ್ಕದವರ ಬಗ್ಗೆ. ಎಲ್ಲ ಮಿಲಿಟರಿಯವರೇ ಆದ್ದರಿಂದ ಅಲ್ಲಿ ಫ್ರೆಂಡ್ಸ್ ಆದವರೆಲ್ಲ ಎರಡು ಮೂರು ವರ್ಷಕ್ಕೆ ಟ್ರಾನ್ಸ್‌ಫರ್ ಆಗಿ ಹೊರಟುಹೋಗ್ತಾರೆ. ಮೊದಲನೇ ಸಲ ಹಂಗಾದಾಗ ನಾನು ಎಷ್ಟು ಅತ್ತೆ ಅಂದ್ರೆ, ಇನ್ಮೇಲೆ ಯಾರನ್ನೂ ಹಚ್ಕೊಳಲ್ಲ ಅಂತ ಬಾಗಿಲು ಹಾಕ್ಕೊಂಡು ಕೂತೆ, ಅದು ದೊಡ್ಡ ತಪ್ಪು ಕಣೋ. ಪಕ್ಕದ ಮನೆಯವಳ ಗಂಡ ಒಂಬತ್ತು ತಿಂಗಳು ಡಿಪ್ಲಾಯ್‌ಮೆಂಟ್‌ಗೆ, ಅಂದ್ರೆ ಮಿಲಿಟರಿ ಕೆಲಸದ ಮೇಲೆ ದೂರದೂರಿಗೆ ಹೋಗಿದ್ದ, ಅವಳು ಎರಡು ಸಣ್ಣ ಮಕ್ಕಳನ್ನ ಇಟ್ಕೊಂಡು ಒಬ್ಬಳೇ, ಬೆಳಿಗ್ಗೆ ಐದಕ್ಕೆ ಎದ್ದು ಅವಳ ಮನೆ ಹಿಮ ಬಳಿದು ನಮ್ಮ ಮನೆ ಮುಂದಿಂದೂ ಬಳಿದು ಹೋಗಿರೋಳು, ಚಿಕ್ಕಪ್ಪನಿಗೆ ಬೆನ್ನು ನೋವಿದೆ ಅಂತ ಅವಳಿಗೆ ಯಾವಾಗಲೋ ಹೇಳಿದ್ದೆ ಅಷ್ಟೇ. ಆಮೇಲೆ ನಾನೇ ಸಾರು ಅನ್ನ ತಗೊಂಡು ಹೋಗಿ ಬಾಗಿಲು ತಟ್ಟಿದೆ. ಅಂಥವರನ್ನ ಗಂಡ ಎಲ್ಲಿದಾನೆ, ಯಾವಾಗ ಬರ್ತಾನೆ ಅಂತ ಕೇಳಬಾರದು, ಅವರು ಹೇಳೋ ಹಾಗಿರಲ್ಲ. ಬುಧವಾರ ಮಕ್ಕಳನ್ನ ನಾನು ನೋಡ್ಕೋತೀನಿ ಅನ್ನು, ಅದು ಸಾಕು.

ಅವಳು ಊರು ಬಿಟ್ಟು ಹೋಗುವಾಗ ಆ ಹಿಮದ ಸಲಿಕೆ ನನಗೆ ಕೊಟ್ಟು ಹೋದ್ಲು, ಫೀನಿಕ್ಸ್‌ಗೆ ಬಂದ ಮೇಲೂ ಗರಾಜಲ್ಲಿ ಜೋಪಾನ ಮಾಡಿದೀನಿ. ದೀಪಾವಳಿಗೆ ನಿಮ್ಮನೆಗೆ ಕಾರಲ್ಲೇ ಬರ್ತೀವಿ, ಆಗ ತಂದುಕೊಡ್ತೀನಿ, ಹೊಸದು ತಗೋಬೇಡ.

ನಿನ್ನ
ಚಿಕ್ಕಮ್ಮ